ಕುರಿ ನೆನೆಯಿತೆಂದು ತೋಳ ಅತ್ತಿತಂತೆ

ಮಳೆಯಲ್ಲಿ ಕುರಿ ನೆನೆಯಿತೆಂದು ತೋಳ ಅತ್ತಿತಂತೆ ಎಂಬ ಗಾದೆ ನಮ್ಮ ಓದುಗರಲ್ಲಿ ಯಾರಿಗೂ ಹೊಸದಲ್ಲ. ಆದರೆ ಗಾದೆ ಹುಟ್ಟಿದ ಕಾಲದ ತೋಳ ಅಳುವ ಕೆಲಸವನ್ನಾದರೂ ತಾನೇ ಮಾಡಬೇಕಾಗಿತ್ತು. ಈ ಕಾಲದ ತೋಳಕ್ಕೆ ಆ ಶ್ರಮವೂ ಇಲ್ಲ. ಅದರ ಪರವಾಗಿ ಅಳಲು ಸಂಬಳದ ಜನರಿದ್ದಾರೆ. ಯಾವಾಗ ಅಳಬೇಕು, ಎಷ್ಟು ಹೊತ್ತು ಅಳಬೇಕು, ಯಾರ ಮುಖವನ್ನು ಮುಂದಿಟ್ಟುಕೊಂಡು ಅಳಬೇಕು ಎಂಬುದನ್ನು ಗೊತ್ತುಮಾಡುವ ದೊಡ್ಡ ದೊಡ್ಡ ಕಚೇರಿಗಳಿವೆ. ಈ ಕಸಬಿಗೆ ಸಾರ್ವಜನಿಕ ಸಂಪರ್ಕ ಎಂದು ಹೆಸರು.

ಮಾಲು ಚೆನ್ನಾಗಿದೆ, ಬೆಲೆ ಕಡಿಮೆ ಎಂದು ಹೇಳಿ ಮಾರುವುದು ಹಳೆಯ ಪದ್ಧತಿ. ಈಗ ಮಾಲಿನ ಮಾತನ್ನೇ ಎತ್ತುವುದಿಲ್ಲ. ಒಬ್ಬ ತಾಯಿಯ ಕಥೆ ಹೇಳುತ್ತಾರೆ, ಒಬ್ಬ ಬಡ ಹುಡುಗನ ಕಥೆ ಹೇಳುತ್ತಾರೆ, ಮೂಲೆ ಅಂಗಡಿಯ ಮುದುಕನ ಕಥೆ ಹೇಳುತ್ತಾರೆ. ನೋಡುವವರ ಕಣ್ಣಲ್ಲಿ ನೀರು ಬರುತ್ತದೆ. ಆ ನೀರು ಇನ್ನೂ ಆರುವ ಮೊದಲೇ ಮೂಲೆಯಲ್ಲಿ ಕಂಪನಿಯ ಮಾರ್ಕು ಕಾಣಿಸಿಕೊಳ್ಳುತ್ತದೆ. ಪಾಳಿ ಮುಗಿಸಿ ಬಂದು ಮೊಬೈಲು ಹಿಡಿದು ಕೂತ ಗಿರಣಿ ಕಾರ್ಮಿಕನೂ, ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಕಿರಾಣಿ ವ್ಯಾಪಾರಿಯೂ ಇಂಥದನ್ನು ದಿನಕ್ಕೆ ಹತ್ತಾರು ಸಲ ನೋಡುತ್ತಾರೆ. ಇದರಲ್ಲಿ ತಪ್ಪೇನು, ಒಳ್ಳೆಯ ಮಾತನ್ನೇ ಹೇಳುತ್ತಾರಲ್ಲ ಎಂದು ನಮ್ಮ ಸ್ನೇಹಿತರಲ್ಲೇ ಕೆಲವರು ಕೇಳುತ್ತಾರೆ. ಈ ಪ್ರಶ್ನೆಗೆ ಸಿಟ್ಟಿನಿಂದ ಉತ್ತರ ಕೊಟ್ಟರೆ ಪ್ರಯೋಜನವಿಲ್ಲ. ಈ ಕಸಬು ಹುಟ್ಟಿದ್ದು ಎಲ್ಲಿ, ಬೆಳೆದದ್ದು ಹೇಗೆ ಎಂಬುದನ್ನು ಒಮ್ಮೆ ಸಮಾಧಾನದಿಂದ ನೋಡೋಣ.

ಲಡ್ಲೋ ಎಂಬ ಊರಿನ ಕಥೆ

ಅಮೆರಿಕದ ಕೊಲರಾಡೊ ಸಂಸ್ಥಾನದಲ್ಲಿ ಕಲ್ಲಿದ್ದಲಿನ ಗಣಿಗಳಿದ್ದವು. ಅಲ್ಲಿನ ಅತ್ಯಂತ ದೊಡ್ಡ ಕಂಪನಿ ಕೊಲರಾಡೊ ಫ್ಯೂಯೆಲ್ ಅಂಡ್ ಐರನ್. ಅದರ ಷೇರುಗಳಲ್ಲಿ ಸುಮಾರು ಶೇಕಡಾ 40ರಷ್ಟು ರಾಕ್‌ಫೆಲ್ಲರ್ ಮನೆತನದ ಕೈಯಲ್ಲಿತ್ತು. ಗಣಿಯ ಕೂಲಿಕಾರರು ವಾಸಿಸುತ್ತಿದ್ದ ಮನೆ ಕಂಪನಿಯದು, ಕಾಯಿಲೆಯಾದರೆ ನೋಡುವ ವೈದ್ಯ ಕಂಪನಿಯವನು, ಅಕ್ಕಿ ಬೇಳೆ ಕೊಳ್ಳುವ ಅಂಗಡಿಯೂ ಕಂಪನಿಯದೇ. ಬಲಗೈಯಿಂದ ಕೊಟ್ಟ ಕೂಲಿಯನ್ನು ಎಡಗೈಯಿಂದ ಹಿಂದಕ್ಕೆ ಪಡೆಯುವ ವ್ಯವಸ್ಥೆ ಅದು.

1913ರ ಸೆಪ್ಟೆಂಬರಿನಲ್ಲಿ ಅವರು ಮುಷ್ಕರ ಹೂಡಿದರು. ಅವರ ಬೇಡಿಕೆಗಳು ಏಳು. ಅವುಗಳಲ್ಲಿ ಎರಡನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ಅಗೆದ ಕಲ್ಲಿದ್ದಲಿನ ತೂಕಕ್ಕೆ ತಕ್ಕಂತೆ ಕೂಲಿ ಸಿಗುತ್ತಿದ್ದುದರಿಂದ, ತಕ್ಕಡಿಯ ಬಳಿ ನಿಂತು ತೂಕ ನೋಡಲು ತಾವೇ ಆರಿಸಿದ ಒಬ್ಬ ಮನುಷ್ಯ ಇರಬೇಕು ಎಂಬುದು ಒಂದು. ತಮಗೆ ಇಷ್ಟವಾದ ಯಾವ ಅಂಗಡಿಯಲ್ಲಾದರೂ ಸಾಮಾನು ಕೊಳ್ಳುವ ಹಕ್ಕು ಇರಬೇಕು ಎಂಬುದು ಇನ್ನೊಂದು. ಮೊದಲನೆಯದು ಕಾರ್ಮಿಕನ ಬೇಡಿಕೆ. ಎರಡನೆಯದು ಕಾರ್ಮಿಕನದೂ ಹೌದು, ಊರಿನ ಸಣ್ಣ ವ್ಯಾಪಾರಿಯದೂ ಹೌದು. ಕಂಪನಿಯ ಅಂಗಡಿಯ ಬಾಗಿಲಲ್ಲಿ ಕಾರ್ಮಿಕನನ್ನು ಕಟ್ಟಿಹಾಕಿದರೆ ಪೇಟೆಯ ಅಂಗಡಿಕಾರ ಯಾರಿಗೆ ಮಾರಬೇಕು?

ಮುಷ್ಕರ ಹೂಡಿದವರನ್ನು ಕಂಪನಿಯ ಮನೆಗಳಿಂದ ಹೊರಗೆ ಹಾಕಲಾಯಿತು. ಹೆಂಡತಿ ಮಕ್ಕಳೊಡನೆ ಅವರು ಬಯಲಿನಲ್ಲಿ ಡೇರೆ ಹಾಕಿಕೊಂಡು ಆ ಚಳಿಗಾಲವನ್ನು ಕಳೆದರು. ಅಂಥ ಬಿಡಾರಗಳಲ್ಲಿ ದೊಡ್ಡದು ಲಡ್ಲೋ. 1914ರ ಏಪ್ರಿಲ್ 20ರಂದು ಸಂಸ್ಥಾನದ ಸೈನಿಕರೂ ಕಂಪನಿಯ ಕಾವಲುಗಾರರೂ ಸೇರಿ ಆ ಬಿಡಾರದ ಮೇಲೆ ಮೆಷಿನ್‌ಗನ್ ಹಾರಿಸಿದರು. ಸಂಜೆಗೆ ಡೇರೆಗಳು ಹೊತ್ತಿ ಉರಿದವು. ಗುಂಡಿನ ಭಯಕ್ಕೆ ಒಂದು ಡೇರೆಯ ಕೆಳಗೆ ತೋಡಿದ ಗುಂಡಿಯಲ್ಲಿ ಅಡಗಿದ್ದ ಇಬ್ಬರು ಹೆಂಗಸರೂ ಹನ್ನೊಂದು ಮಕ್ಕಳೂ ಮೇಲಿನ ಬೆಂಕಿಗೆ ಉಸಿರುಕಟ್ಟಿ ಸತ್ತರು. ಆ ದಿನ ಸತ್ತವರು ಒಟ್ಟು ಸುಮಾರು ಇಪ್ಪತ್ತು ಮಂದಿ.

ಇದಕ್ಕೆ ಎರಡು ವಾರ ಮೊದಲು ಕಿರಿಯ ಜಾನ್ ಡಿ. ರಾಕ್‌ಫೆಲ್ಲರ್ ಅಮೆರಿಕದ ಶಾಸನಸಭೆಯ ಸಮಿತಿಯೊಂದರ ಮುಂದೆ ಸಾಕ್ಷ್ಯ ಹೇಳಿದ್ದರು. ಸಂಘಕ್ಕೆ ಮನ್ನಣೆ ಕೊಡುವುದಿಲ್ಲವೆಂಬ ಹಟದಿಂದ ನಿಮ್ಮ ಆಸ್ತಿಯೆಲ್ಲ ಹೋದರೂ, ನಿಮ್ಮ ಕೆಲಸಗಾರರೆಲ್ಲ ಸತ್ತರೂ ಹೀಗೆಯೇ ನಿಲ್ಲುವಿರಾ ಎಂದು ಕೇಳಿದ್ದಕ್ಕೆ, ಇದೊಂದು ಮಹಾ ತತ್ತ್ವ ಎಂದು ಅವರು ಉತ್ತರ ಕೊಟ್ಟಿದ್ದರು. ಮಕ್ಕಳ ಹೆಣ ಗುಂಡಿಯಿಂದ ಹೊರಬಂದ ಮೇಲೆ ಆ ಮಹಾ ತತ್ತ್ವದ ಮಾತು ದೇಶದ ಜನರ ಕಿವಿಯಲ್ಲಿ ಹೇಗೆ ಕೇಳಿಸಿತೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಆಗ ರಾಕ್‌ಫೆಲ್ಲರ್ ಮನೆತನದವರು ಕರೆಸಿಕೊಂಡ ಮನುಷ್ಯ ಐವಿ ಲೀ. ಈತ ಪತ್ರಿಕೆಗಳಲ್ಲಿ ದುಡಿದು, ರೈಲ್ವೆ ಕಂಪನಿಯ ಪ್ರಚಾರ ನೋಡಿಕೊಂಡು ಪಳಗಿದವನು. ಜನರಿಗೆ ಸರಿಯಾದ ಮಾಹಿತಿಯನ್ನು ಬೇಗ ಒದಗಿಸುವುದೇ ತನ್ನ ಕಸಬಿನ ಧರ್ಮ ಎಂದು 1906ರಲ್ಲಿ ಸಾರಿದ್ದವನೂ ಇವನೇ. ಸಾರ್ವಜನಿಕ ಸಂಪರ್ಕವೆಂಬ ಕಸಬಿಗೆ ಮೂಲಪುರುಷರಲ್ಲಿ ಒಬ್ಬನೆಂದು ಇಂದಿಗೂ ಇವನನ್ನು ಹೇಳುತ್ತಾರೆ.

ಲೀ ಮಾಡಿದ ಮೊದಲ ಕೆಲಸ ಕರಪತ್ರಗಳ ಸರಣಿ. ದೇಶದ ಸಾವಿರಾರು ಪ್ರಮುಖರಿಗೆ ಅವು ಅಂಚೆಯಲ್ಲಿ ಹೋದವು. ಅವುಗಳ ಹೆಸರನ್ನು ನೋಡಿ: ಕೈಗಾರಿಕಾ ಸ್ವಾತಂತ್ರ್ಯಕ್ಕಾಗಿ ಕೊಲರಾಡೊದಲ್ಲಿ ನಡೆದಿರುವ ಹೋರಾಟದ ವಾಸ್ತವಾಂಶಗಳು! ಡೇರೆ ಸುಟ್ಟವರು ಸ್ವಾತಂತ್ರ್ಯದ ಹೋರಾಟಗಾರರಾದರು, ಸುಟ್ಟುಹೋದವರು ಅದರ ವೈರಿಗಳಾದರು. ಕಾರ್ಮಿಕ ಸಂಘದ ನಾಯಕರು ಹಣ ಹೊಡೆಯುತ್ತಿದ್ದಾರೆಂದು ತೋರಿಸುವುದಕ್ಕಾಗಿ ಅವರು ವರ್ಷವಿಡೀ ಪಡೆದ ಸಂಬಳವನ್ನು ಒಂಬತ್ತು ವಾರಗಳ ಸಂಬಳವೆಂದು ಒಂದು ಕರಪತ್ರದಲ್ಲಿ ಅಚ್ಚುಹಾಕಲಾಯಿತು. ಮುದುಕಿಯಾಗಿದ್ದ ಮದರ್ ಜೋನ್ಸ್ ಎಂಬ ಕಾರ್ಮಿಕ ನಾಯಕಿಯನ್ನೂ ಬಿಡಲಿಲ್ಲ. 1915ರಲ್ಲಿ ಸರ್ಕಾರ ನೇಮಿಸಿದ್ದ ಕೈಗಾರಿಕಾ ಆಯೋಗದ ಅಧ್ಯಕ್ಷ ಫ್ರಾಂಕ್ ವಾಲ್ಶ್ ಈತನನ್ನು ಕಟಕಟೆಗೆ ಕರೆಸಿ ಕೇಳಿದಾಗ, ಕಂಪನಿಯವರು ಕೊಟ್ಟದ್ದನ್ನು ತಾನು ಪರಿಶೀಲಿಸದೆ ಹಾಗೆಯೇ ಹಾಕಿದೆನೆಂದು ಒಪ್ಪಿಕೊಳ್ಳಬೇಕಾಯಿತು. ಐವಿ ಎಂದರೆ ಇಂಗ್ಲಿಷಿನಲ್ಲಿ ಒಂದು ಬಳ್ಳಿಯ ಹೆಸರು. ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಇವನಿಗೆ ವಿಷದ ಬಳ್ಳಿ ಎಂದೇ ಹೆಸರಿಟ್ಟರು.

ಸುಳ್ಳಿನ ಕರಪತ್ರ ಫಲಿಸಲಿಲ್ಲ. ಆಮೇಲೆ ಬಂದದ್ದು ಕಣ್ಣೀರಿನ ಮಾರ್ಗ, ನಮ್ಮ ವಿಷಯಕ್ಕೆ ಬಹಳ ಮುಖ್ಯವಾದದ್ದು ಇದೇ. 1915ರ ಸೆಪ್ಟೆಂಬರಿನಲ್ಲಿ ರಾಕ್‌ಫೆಲ್ಲರ್ ಸ್ವತಃ ಕೊಲರಾಡೊಗೆ ಹೋದರು. ಜೊತೆಗೆ ಸಲಹೆಗಾರ ಮೆಕೆಂಝಿ ಕಿಂಗ್, ಮುಂದೆ ಕೆನಡಾದ ಪ್ರಧಾನಿಯಾದವರು. ಧಣಿ ಕೂಲಿಕಾರರ ಉಡುಪು ತೊಟ್ಟು ಗಣಿಗೆ ಇಳಿದರು, ಗುದ್ದಲಿ ಹಿಡಿದು ಕಲ್ಲಿದ್ದಲು ಕೆತ್ತಿದರು, ಅವರ ಊಟದ ಮನೆಗಳಲ್ಲಿ ಕೂತು ಉಂಡರು, ಒಂದು ರಾತ್ರಿ ಗಣಿಗಾರರ ಹೆಂಡಂದಿರ ಜೊತೆ ಕುಣಿದರು. ಪತ್ರಿಕೆಗಳು ಅದನ್ನೆಲ್ಲ ಬರೆದವು. ಮಹಾ ತತ್ತ್ವದ ಮನುಷ್ಯ ಒಂದೆರಡು ವಾರದಲ್ಲಿ ದಯಾಳು ಧಣಿಯಾದ.

ಈ ಭೇಟಿಯಲ್ಲಿ ಎಲ್ಲವೂ ನಾಟಕವೆಂದು ನಾವು ಹೇಳುವುದಿಲ್ಲ. ಗಣಿಯ ಒಳಗನ್ನು ಕಂಡು ಆ ಮನುಷ್ಯನ ಮನಸ್ಸು ನಿಜವಾಗಿಯೂ ಕರಗಿರಬಹುದು. ಅಲ್ಲಿನ ಬದುಕಿನಲ್ಲಿ ಕೆಲವು ಸುಧಾರಣೆಗಳು ಆದದ್ದೂ ಉಂಟು. ಆದರೆ ಲೆಕ್ಕ ನೋಡೋಣ. ಕಾರ್ಮಿಕರ ಮುಖ್ಯ ಬೇಡಿಕೆ ಅವರದೇ ಸಂಘಕ್ಕೆ ಮನ್ನಣೆ. ಮುಷ್ಕರ 1914ರ ಡಿಸೆಂಬರಿನಲ್ಲಿ ಆ ಮನ್ನಣೆ ಸಿಗದೆಯೇ ಮುರಿಯಿತು. 1915ರ ಅಕ್ಟೋಬರಿನಲ್ಲಿ ಧಣಿ ಕೊಟ್ಟದ್ದು ಕಂಪನಿಯೇ ಕಟ್ಟಿದ, ಕಂಪನಿಯೇ ಖರ್ಚು ಹಾಕುವ ಪ್ರತಿನಿಧಿ ಸಭೆ. ಇಂಥ ಕಂಪನಿ ಸಂಘಗಳನ್ನು ಅಮೆರಿಕದ ಕಾನೂನು ತಡೆದದ್ದು 1935ರಲ್ಲಿ. ಅಂದರೆ ಕುಣಿತಕ್ಕೂ ನ್ಯಾಯಕ್ಕೂ ನಡುವೆ ಇಪ್ಪತ್ತು ವರ್ಷಗಳು. ಧಣಿಯ ಕರುಣೆಯ ಕಥೆ ಆ ಇಪ್ಪತ್ತು ವರ್ಷಗಳನ್ನು ಕೊಂಡುಕೊಂಡಿತು.

ಇಂದಿನ ಕುಣಿತ

ಇದು ನೂರು ವರ್ಷ ಹಿಂದಿನ, ಏಳು ಸಮುದ್ರದಾಚೆಯ ಮಾತಾಯಿತು ಎನ್ನುವವರು ನಮ್ಮ ದೇಶದ ಎರಡು ಜಾಹೀರಾತುಗಳನ್ನು ನೋಡಲಿ. ಎರಡೂ 2021ರವು.

ಒಂದು, ಮನೆಮನೆಗೆ ಊಟ ತಲುಪಿಸುವ ಜೊಮ್ಯಾಟೊ ಕಂಪನಿಯದು. ಆ ಆಗಸ್ಟಿನಲ್ಲಿ ಅವರು ಡೆಲಿವರಿ ಹುಡುಗನನ್ನೇ ನಾಯಕನನ್ನಾಗಿ ಮಾಡಿ ಚಿತ್ರ ತೆಗೆದರು. ಮಳೆಯಲ್ಲಿ ನೆನೆಯುತ್ತ ಬಂದ ಹುಡುಗ ಬಾಗಿಲು ತಟ್ಟುತ್ತಾನೆ. ಬಾಗಿಲು ತೆರೆದವರು ಸಾಕ್ಷಾತ್ ಹೃತಿಕ್ ರೋಷನ್. ಅವರು ಇವನ ಜೊತೆ ಫೋಟೋ ತೆಗೆಸಿಕೊಳ್ಳಲು ಬಯಸುತ್ತಾರೆ. ಅಷ್ಟರಲ್ಲಿ ಮುಂದಿನ ಆರ್ಡರು ಬಂತು, ಹುಡುಗ ಹೊರಟೇಹೋದ. ಇನ್ನೊಂದು ಚಿತ್ರದಲ್ಲಿ ಕತ್ರಿನಾ ಕೈಫ್ ಹುಟ್ಟುಹಬ್ಬದ ಕೇಕು ತರಲು ಒಳಗೆ ಹೋಗುತ್ತಾರೆ. ಅಲ್ಲೂ ಹುಡುಗ ನಿಲ್ಲುವುದಿಲ್ಲ. ಅವನಿಗೆ ಗಿರಾಕಿಗಳೆಲ್ಲರೂ ಸಮಾನ ಎಂಬುದು ಕಥೆಯ ನೀತಿ.

ಕಂಪನಿಯವರು ಇದನ್ನು ಗೌರವವೆಂದು ತಿಳಿದರು. ನೋಡಿದ ಜನರಲ್ಲಿ ಅನೇಕರು ಬೇರೆ ಪ್ರಶ್ನೆ ಕೇಳಿದರು. ಒಂದು ತುಂಡು ಕೇಕು ತಿನ್ನುವಷ್ಟು ಹೊತ್ತು ನಿಲ್ಲಲಾರದಂತೆ ಈ ಹುಡುಗನನ್ನು ಓಡಿಸುತ್ತಿರುವವರು ಯಾರು? ಅದೇ ದಿನಗಳಲ್ಲಿ ಡೆಲಿವರಿ ಕೆಲಸಗಾರರು ತಮ್ಮ ಹೆಸರು ಮರೆಸಿಕೊಂಡು, ಪೆಟ್ರೋಲಿನ ಖರ್ಚು ಕಳೆದರೆ ಕೈಗೆ ಉಳಿಯುವುದೆಷ್ಟು ಎಂಬ ಲೆಕ್ಕವನ್ನು ಸಾರ್ವಜನಿಕವಾಗಿ ಇಡುತ್ತಿದ್ದರು. ಆ ಚಿತ್ರಗಳನ್ನು ಆರು ತಿಂಗಳ ಹಿಂದೆಯೇ ಯೋಚಿಸಿದ್ದು, ಈ ಮಾತುಗಳು ಏಳುವ ಮೊದಲೇ ತೆಗೆದದ್ದು ಎಂದು ಕಂಪನಿ ಸಮಜಾಯಿಷಿ ಹೇಳಿತು. ಇರಬಹುದು. ಆದರೆ ನಾವು ಎತ್ತುವ ಪ್ರಶ್ನೆ ತಾರೀಕಿನದಲ್ಲ. ಹುಡುಗನ ಬೆವರನ್ನು ತೋರಿಸಿದ ಕಥೆ ಹುಡುಗನ ಕೂಲಿಯ ಚೀಟಿಯನ್ನು ಯಾಕೆ ತೋರಿಸಲಿಲ್ಲ ಎಂಬುದು ನಮ್ಮ ಪ್ರಶ್ನೆ.

ಆ ಹುಡುಗರಿಗೆ ನಮ್ಮ ರಾಜ್ಯದಲ್ಲಿ ಒಂದಿಷ್ಟು ಆಸರೆ ಸಿಕ್ಕಿದ್ದು ಚಿತ್ರದಿಂದಲ್ಲ, ಕಾನೂನಿನಿಂದ. ಅವರ ಸಂಘಗಳು ಸರ್ಕಾರದ ಬಾಗಿಲು ಬಡಿದು ಬಡಿದು, 2025ರಲ್ಲಿ ಕರ್ನಾಟಕದಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾನೂನು ಬಂತು. ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕ್ಷೇಮ ಶುಲ್ಕ ಪಡೆಯಲು, ಕಾರಣ ಬರೆದುಕೊಟ್ಟು 14 ದಿನಗಳ ನೋಟೀಸು ಕೊಡದೆ ಕೆಲಸದಿಂದ ತೆಗೆಯದಂತೆ ತಡೆಯಲು ಅದರಲ್ಲಿ ಅವಕಾಶವಿದೆ. ಇದು ನೀರಸವಾದ ಕಾನೂನಿನ ಭಾಷೆ. ಇದನ್ನು ಓದಿ ಯಾರೂ ಕಣ್ಣೊರೆಸಿಕೊಳ್ಳುವುದಿಲ್ಲ. ಆದರೆ ಕಾಲು ಮುರಿದುಕೊಂಡು ಮಲಗಿದ ದಿನ ಹುಡುಗನ ಮನೆಯ ಒಲೆ ಉರಿಸಬಲ್ಲದ್ದು ಇಂಥ ನೀರಸ ವಾಕ್ಯವೇ.

ಇನ್ನೊಂದು ಜಾಹೀರಾತು ನಮ್ಮ ವ್ಯಾಪಾರಿ ಮಿತ್ರರಿಗೆ ಸಂಬಂಧಿಸಿದ್ದು. ಕೊರೋನಾ ರೋಗದಿಂದ ಸಣ್ಣ ಅಂಗಡಿಗಳು ನೆಲಕಚ್ಚಿದ್ದ ಹೊತ್ತಿನಲ್ಲಿ, 2021ರ ದೀಪಾವಳಿಗೆ, ಕ್ಯಾಡ್‌ಬರಿ ಚಾಕೊಲೇಟಿನವರು ನಟ ಶಾರುಖ್ ಖಾನರಿಂದ ನಿಮ್ಮ ಪಕ್ಕದ ಅಂಗಡಿಯಲ್ಲೇ ಹಬ್ಬದ ಸಾಮಾನು ಕೊಳ್ಳಿ ಎಂದು ಹೇಳಿಸಿದರು. ಯಂತ್ರದ ಜಾಣತನದಿಂದ ಯಾವ ಅಂಗಡಿಯ ಹೆಸರನ್ನಾದರೂ ನಟನ ಬಾಯಿಂದ ಬಂದಂತೆ ಮಾಡಬಹುದಾಗಿತ್ತು. ದೊಡ್ಡ ನಟನ ಬಾಯಲ್ಲಿ ತನ್ನ ಅಂಗಡಿಯ ಹೆಸರು ಕೇಳಿ ಯಾವ ಅಂಗಡಿಕಾರನಿಗೆ ಸಂತೋಷವಾಗದು? ನಾವು ಆ ಸಂತೋಷವನ್ನು ಹೀಯಾಳಿಸುವುದಿಲ್ಲ. ಒಂದು ಹಬ್ಬದ ಮಟ್ಟಿಗೆ ಗಿರಾಕಿಗಳು ಹೆಚ್ಚಿದ್ದರೆ ಅದೂ ಲಾಭವೇ. 2022ರಲ್ಲಿ ಫ್ರಾನ್ಸಿನ ಕಾನ್ ಪಟ್ಟಣದ ಜಾಹೀರಾತು ಉತ್ಸವದಲ್ಲಿ ಆ ಚಿತ್ರಕ್ಕೆ ದೊಡ್ಡ ಬಹುಮಾನವೂ ಬಂತು. ಬಹುಮಾನ ಅಂಗಡಿಕಾರನಿಗಲ್ಲ, ಕಥೆ ಕಟ್ಟಿದವರಿಗೆ.

2021ರ ಡಿಸೆಂಬರಿನಲ್ಲಿ ನಡೆದ ಇನ್ನೊಂದು ಸಂಗತಿಗೆ ಯಾವ ಬಹುಮಾನವೂ ಬರಲಿಲ್ಲ. ದಿನಬಳಕೆಯ ಸಾಮಾನನ್ನು ಕಿರಾಣಿ ಅಂಗಡಿಗಳಿಗೆ ತಲುಪಿಸುವ ವಿತರಕರ ಅಖಿಲ ಭಾರತ ಒಕ್ಕೂಟ, ಸೋಪು ಪೇಸ್ಟು ತಯಾರಿಸುವ ದೊಡ್ಡ ಕಂಪನಿಗಳಿಗೆ ಪತ್ರ ಬರೆಯಿತು. ಬಂಡವಾಳದ ಬಲದಿಂದ ಹೊಸದಾಗಿ ಬಂದಿರುವ ಭಾರಿ ಸಗಟು ಸಂಸ್ಥೆಗಳಿಗೆ ನೀವು ಒಂದು ಬೆಲೆಗೆ ಕೊಡುತ್ತೀರಿ, ನಮಗೆ ಇನ್ನೊಂದು ಬೆಲೆಗೆ ಕೊಡುತ್ತೀರಿ, ಇಬ್ಬರಿಗೂ ಒಂದೇ ದರ ಮಾಡಿ ಎಂಬುದೇ ಅವರ ಬೇಡಿಕೆ. 2022ರ ಜನವರಿಯಿಂದ ಮಹಾರಾಷ್ಟ್ರದಲ್ಲಿ ಕೆಲವು ಮಾಲನ್ನು ಎತ್ತದೆ ಪ್ರತಿಭಟಿಸಿದರು. ಚಾಕೊಲೇಟಿನ ಕಂಪನಿಯೊಂದರ ಮೇಲೆ ನಾವು ಈ ಹೊರೆ ಹಾಕುತ್ತಿಲ್ಲ. ದೂರು ಇಡೀ ವ್ಯವಸ್ಥೆಯ ಮೇಲಿನದು. ಮೂಲೆ ಅಂಗಡಿಯ ಮೇಲೆ ದೇಶಕ್ಕೆ ಪ್ರೀತಿ ಉಕ್ಕಿದ ಹಬ್ಬದ ಬೆನ್ನಿಗೇ ಮೂಲೆ ಅಂಗಡಿಯ ದರದ ಪ್ರಶ್ನೆ ಬಂತು. ಪ್ರೀತಿಯ ಚಿತ್ರವನ್ನು ಕೋಟ್ಯಂತರ ಜನ ನೋಡಿದರು. ದರದ ಪತ್ರವನ್ನು ಓದಿದವರು ಎಷ್ಟು ಮಂದಿ?

ಕಥೆಯದು ತಪ್ಪೇ?

ಹಾಗಾದರೆ ಕಥೆ ಹೇಳುವುದೇ ಪಾಪವೇ? ಖಂಡಿತ ಅಲ್ಲ. ಕಥೆ ಇಲ್ಲದೆ ಮನುಷ್ಯ ಮನುಷ್ಯನನ್ನು ಅರಿಯಲಾರ. ಶಾಲೆಯಲ್ಲಿ ಮಕ್ಕಳಿಗೆ ಗೋವಿನ ಹಾಡನ್ನು ಕಲಿಸಿದ ಯಾವ ಉಪಾಧ್ಯಾಯನಿಗೂ ಇದು ಗೊತ್ತು. ಪುಣ್ಯಕೋಟಿ ಕರುವನ್ನು ಬಿಟ್ಟುಹೋಗುವ ಜಾಗಕ್ಕೆ ಬಂದಾಗ ತರಗತಿಯಲ್ಲಿ ತುಂಟ ಹುಡುಗನೂ ಸುಮ್ಮನಾಗುತ್ತಾನೆ. ಆದರೆ ಹುಲಿಯ ಮನಸ್ಸು ಕರಗಿದ್ದು ಯಾವಾಗ? ಹಸು ತನ್ನ ಕಷ್ಟವನ್ನು ಹೇಳಿಕೊಂಡಾಗ ಅಲ್ಲ. ಆಗ ಹುಲಿ ಅನುಮಾನದಿಂದಲೇ ಕಳುಹಿಸಿಕೊಟ್ಟಿತು. ಕೊಟ್ಟ ಮಾತಿನಂತೆ ಹಸು ಹಿಂದಿರುಗಿ ಬಂದು ಮುಂದೆ ನಿಂತಾಗ ಕರಗಿತು. ಮಾತಿಗೆ ಬೆಲೆ ಬಂದದ್ದು ನಡೆಯಿಂದ. ಆ ಹಾಡನ್ನು ಹುಲಿಯ ಕಡೆಯ ಪ್ರಚಾರಾಧಿಕಾರಿ ಬರೆದಿದ್ದರೆ ಹಸು ಹಿಂದಿರುಗುವ ಭಾಗವೇ ಇರುತ್ತಿರಲಿಲ್ಲ. ಹಸುವಿಗೆ ಒಂದು ದಿನದ ರಜೆ ಕೊಟ್ಟ ಹುಲಿಯ ಔದಾರ್ಯವೇ ಪಲ್ಲವಿಯಾಗುತ್ತಿತ್ತು.

ನಡೆ ಮೊದಲು, ಕಥೆ ಆಮೇಲೆ ಎಂಬುದಕ್ಕೆ ವ್ಯಾಪಾರ ಪ್ರಪಂಚದಲ್ಲೂ ಉದಾಹರಣೆ ಇಲ್ಲದಿಲ್ಲ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಶಿಕಾಗೊ ಪ್ರದೇಶದಲ್ಲಿ ಟೈಲೆನಾಲ್ ಎಂಬ ನೋವಿನ ಮಾತ್ರೆ ನುಂಗಿ ಏಳು ಮಂದಿ ಸತ್ತರು. ಯಾರೋ ದುಷ್ಟರು ಅಂಗಡಿಯಲ್ಲಿದ್ದ ಸೀಸೆಗಳೊಳಗೆ ಸಯನೈಡ್ ಬೆರೆಸಿದ್ದರು. ತಯಾರಿಸಿದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ತಪ್ಪು ನಮ್ಮದಲ್ಲ ಎಂದು ಕೈತೊಳೆದುಕೊಳ್ಳಬಹುದಾಗಿತ್ತು. ಹಾಗೆ ಮಾಡದೆ ದೇಶದಾದ್ಯಂತ ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ಹಿಂದಕ್ಕೆ ತರಿಸಿತು, ಸುಮಾರು 10 ಕೋಟಿ ಡಾಲರಿನ ನಷ್ಟ ಹೊತ್ತಿತು, ಯಾರಾದರೂ ತೆರೆದರೆ ತಿಳಿಯುವಂಥ ಮೊಹರಿನ ಸೀಸೆಯನ್ನು ಮಾರುಕಟ್ಟೆಗೆ ತಂದಿತು. ಸಾರ್ವಜನಿಕ ಸಂಪರ್ಕದ ಪಾಠ ಹೇಳುವವರು ಇಂದಿಗೂ ಇದನ್ನೇ ಮಾದರಿಯೆಂದು ಹೇಳುತ್ತಾರೆ. ನಾವೂ ಅದನ್ನು ಒಪ್ಪುತ್ತೇವೆ. ಅಲ್ಲಿ ಕರುಣೆ ಲೆಕ್ಕದ ಪುಸ್ತಕದ ಖರ್ಚಿನ ಕಡೆ ಕಾಣಿಸಿತು.

ಆದರೆ ಒಮ್ಮೆ ಮಾಡಿದ ಪುಣ್ಯ ಜನ್ಮಕ್ಕೆಲ್ಲ ಸಾಲದು. ತಾಯಿ ಮಗುವಿನ ವಾತ್ಸಲ್ಯದ ಚಿತ್ರಗಳಿಂದಲೇ ಮನೆಮಾತಾದ ಇದೇ ಕಂಪನಿಯ ಮಗುವಿನ ಪೌಡರಿನ ವಿಷಯದಲ್ಲಿ ಕ್ಯಾನ್ಸರಿನ ದೂರು ಹೊತ್ತು ಸಾವಿರಾರು ಜನ ನ್ಯಾಯಾಲಯಕ್ಕೆ ಹೋದರು. ಪೌಡರು ಸುರಕ್ಷಿತವೆಂದೇ ಕಂಪನಿ ವಾದಿಸುತ್ತ ಬಂತು. ಆದರೂ ಟಾಲ್ಕ್ ಬೆರೆತ ಆ ಪೌಡರಿನ ಮಾರಾಟವನ್ನು 2020ರಲ್ಲಿ ಅಮೆರಿಕ, ಕೆನಡಾಗಳಲ್ಲಿ ನಿಲ್ಲಿಸಿತು, 2023ರಲ್ಲಿ ಜಗತ್ತಿನಾದ್ಯಂತ ನಿಲ್ಲಿಸಿತು. ಆದುದರಿಂದ ಹೆಸರನ್ನು ನೋಡಿ ನಂಬುವುದಾಗಲಿ, ಹೆಸರನ್ನು ನೋಡಿ ಬೈಯುವುದಾಗಲಿ ಸಲ್ಲದು. ಪ್ರತಿ ಸಲವೂ ನಡೆಯನ್ನೇ ನೋಡಬೇಕು.

ಕಥೆ ಯಾರದು, ಬಾಯಿ ಯಾರದು?

ನಮ್ಮ ನೆರೆಯ ತಮಿಳುನಾಡಿನ ಕೊಡೈಕನಾಲಿನಲ್ಲಿ ಜ್ವರ ನೋಡುವ ಥರ್ಮಾಮೀಟರಿನ ಕಾರ್ಖಾನೆಯೊಂದಿತ್ತು. ಅಮೆರಿಕದಿಂದ ಬಂದ ಆ ಕಾರ್ಖಾನೆ ಆಮೇಲೆ ಹಿಂದೂಸ್ತಾನ್ ಲಿವರ್ ಕಂಪನಿಯ ಕೈಗೆ ಬಂತು. ಪಾದರಸ ಮೆತ್ತಿದ ಗಾಜಿನ ಚೂರು ಗುಜರಿ ಅಂಗಳದಲ್ಲಿ ಪತ್ತೆಯಾಗಿ 2001ರಲ್ಲಿ ಕಾರ್ಖಾನೆ ಮುಚ್ಚಿತು. ಪಾದರಸದಿಂದ ತಮ್ಮ ಆರೋಗ್ಯ ಹಾಳಾಯಿತೆಂದು ಕಾರ್ಮಿಕರು ಹೇಳಿದರು. ಹಾಗೇನೂ ಆಗಿಲ್ಲವೆಂದು ಕಂಪನಿ ಹೇಳಿತು. ಹದಿನಾಲ್ಕು ವರ್ಷ ಅರ್ಜಿ, ಮೆರವಣಿಗೆ, ಕೋರ್ಟು.

ಇದೇ ಅವಧಿಯಲ್ಲಿ, 2004ರಲ್ಲಿ, ಇದರ ಮಾತೃಸಂಸ್ಥೆಯಾದ ಯೂನಿಲಿವರ್ ಡವ್ ಸೋಪಿನ ಹೆಸರಿನಲ್ಲಿ ನಿಜವಾದ ಸೌಂದರ್ಯ ಎಂಬ ಆಂದೋಲನ ಆರಂಭಿಸಿತು. ಹೆಣ್ಣು ಹೇಗಿದ್ದಾಳೋ ಹಾಗೆಯೇ ಚೆಲುವೆ ಎಂಬ ಅದರ ಸಂದೇಶ ಲೋಕಪ್ರಿಯವಾಯಿತು. ಇತ್ತ ನಮ್ಮ ದೇಶದಲ್ಲಿ ಅದೇ ಸಂಸ್ಥೆಯ ಮಕ್ಕಳು 1975ರಿಂದ ಫೇರ್ ಅಂಡ್ ಲವ್ಲಿ ಮಾರುತ್ತಿದ್ದರು. ಕಪ್ಪಗಿದ್ದರೆ ಕೆಲಸವಿಲ್ಲ, ಮದುವೆಯಿಲ್ಲ ಎಂಬುದು ಅದರ ಕಥೆ. ಆ ಫೇರ್ ಎಂಬ ಮಾತನ್ನು ಕೈಬಿಟ್ಟದ್ದು 2020ರಲ್ಲಿ. ಒಂದು ಅಂಗಡಿಯಲ್ಲಿ ಗಾಯ, ಪಕ್ಕದ ಅಂಗಡಿಯಲ್ಲಿ ಮುಲಾಮು, ಎರಡರ ಗಲ್ಲಾಪೆಟ್ಟಿಗೆಯೂ ಒಂದೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

2015ರಲ್ಲಿ ಸೋಫಿಯಾ ಅಶ್ರಫ್ ಎಂಬ ತರುಣಿ ಕೊಡೈಕನಾಲಿನ ಕಾರ್ಮಿಕರ ಪರವಾಗಿ ಒಂದು ಹಾಡು ಹಾಡಿದಳು. ಹಾಡು ಮೊಬೈಲಿನಿಂದ ಮೊಬೈಲಿಗೆ ಹಾರಿ ದೇಶ ದಾಟಿ ಹೋಯಿತು. ಹದಿನಾಲ್ಕು ವರ್ಷದ ಅರ್ಜಿಗಳಿಗೆ ತಿರುಗಿ ನೋಡದ ಜಗತ್ತು ಕೆಲವು ನಿಮಿಷದ ಹಾಡಿಗೆ ತಿರುಗಿ ನೋಡಿತು. 2016ರ ಮಾರ್ಚಿನಲ್ಲಿ ಕಂಪನಿ 591 ಮಾಜಿ ಕಾರ್ಮಿಕರ ಜೊತೆ ಒಪ್ಪಂದ ಮಾಡಿಕೊಂಡಿತು. ತಪ್ಪಿಗೆ ಪರಿಹಾರವೆಂದು ಕೊಡಲಿಲ್ಲ, ಸಹಾಯಧನವೆಂದು ಕೊಟ್ಟಿತು. ಆದರೂ ಕೊಟ್ಟಿತು.

ಇದರಿಂದ ನಾವು ಕಲಿಯಬೇಕಾದ್ದು ಎರಡು ಪಾಠ. ಒಂದು, ಮನ ಕರಗಿಸುವ ಕಥೆಯ ಶಕ್ತಿ ಧಣಿಗಳ ಖಾಸಗಿ ಆಸ್ತಿಯಲ್ಲ. ನೊಂದವರ ಪರವಾಗಿಯೂ ಅದು ದುಡಿಯುತ್ತದೆ, ಕಡಿಮೆ ಖರ್ಚಿನಲ್ಲಿ ಹೆಚ್ಚು ದುಡಿಯುತ್ತದೆ. ಎರಡು, ಹಾಡು ಒಂದೇ ಗೆಲ್ಲಲಿಲ್ಲ. ಹದಿನಾಲ್ಕು ವರ್ಷ ಬಿಡದೆ ಹೆಸರು, ಪಾಳಿ, ಕಾಯಿಲೆಯ ದಾಖಲೆ ಇಟ್ಟುಕೊಂಡ ಕಾರ್ಮಿಕರ ಸಂಘ ಹಿಂದೆ ಇದ್ದುದರಿಂದಲೇ ಹಾಡಿನ ಮಾತಿಗೆ ತೂಕ ಬಂತು.

ನಮ್ಮ ನಾಡಿನದೇ ಇನ್ನೊಂದು ಉದಾಹರಣೆ ಕಾಫಿ ಹೌಸು. ಕಾಫಿ ಮಂಡಳಿ ನಡೆಸುತ್ತಿದ್ದ ಕಾಫಿ ಮನೆಗಳನ್ನು ಐವತ್ತರ ದಶಕದಲ್ಲಿ ಮುಚ್ಚಲು ಹೊರಟಾಗ ಕೆಲಸ ಕಳೆದುಕೊಳ್ಳಲಿದ್ದವರು ಎ. ಕೆ. ಗೋಪಾಲನ್ ಅವರ ಪ್ರೋತ್ಸಾಹದಿಂದ ತಾವೇ ಸಹಕಾರ ಸಂಘ ಕಟ್ಟಿದರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟಿನಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಲೋಟ ತೊಳೆದವರೇ ಮಾಲೀಕರಾದರು. ಕಾಫಿ ಕುಡಿಯಲು ಹೋದವನಿಗೆ ಪೇಟ ಕಟ್ಟಿ ಬಡಿಸುವ ಮನುಷ್ಯನೇ ಆ ಕಥೆಯನ್ನು ಹೇಳಿಯಾನು. ಅದನ್ನು ಹೇಳಲು ಅವನಿಗೆ ಸಂಬಳದ ಕಥೆಗಾರ ಬೇಕಾಗಿಲ್ಲ, ಏಕೆಂದರೆ ಕಥೆ ಅವನದೇ.

ಕೇಳಬೇಕಾದ ಮೂರು ಪ್ರಶ್ನೆ

ಇನ್ನು ಮುಂದೆ ಕಣ್ಣು ತೇವ ಮಾಡುವ ಜಾಹೀರಾತು ಎದುರಾದಾಗ ಕಣ್ಣು ಮುಚ್ಚಿಕೊಳ್ಳಿ ಎಂದು ನಾವು ಹೇಳುವುದಿಲ್ಲ. ನೋಡಿರಿ, ಅಳು ಬಂದರೆ ಅಳಿರಿ, ಆಮೇಲೆ ಮೂರು ಪ್ರಶ್ನೆ ಕೇಳಿರಿ. ಈ ಕಥೆ ಯಾರದು, ಹೇಳುವ ಬಾಯಿ ಯಾರದು? ಕಥೆಯ ನಾಯಕನಾದ ಬಡವನ ಕೈಗೆ ಬಂದದ್ದೆಷ್ಟು? ಕಂಪನಿ ಕಥೆ ಹೇಳುವ ಮೊದಲು ಏನಾದರೂ ಮಾಡಿದೆಯೇ, ಅಥವಾ ಮಾಡಬೇಕಾದ್ದನ್ನು ತಪ್ಪಿಸಿಕೊಳ್ಳಲು ಕಥೆ ಹೇಳುತ್ತಿದೆಯೇ? ಈ ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಆ ಮಾಲನ್ನು ಧಾರಾಳವಾಗಿ ಕೊಳ್ಳಿರಿ, ಮಾರಿರಿ. ನಮ್ಮ ತಕರಾರಿಲ್ಲ.

ನಮ್ಮ ಕಡೆಯವರಿಗೂ ಇದೇ ಅಳತೆ ಸಲ್ಲಬೇಕು. ಸಂಘದ ಕರಪತ್ರದಲ್ಲಿ ಕಾರ್ಮಿಕನ ಮನೆಯ ಕಷ್ಟವನ್ನು ಬರೆಯುವ ಮೊದಲು ಆ ಮನೆಯವರ ಒಪ್ಪಿಗೆ ಕೇಳಬೇಕು. ಹಸಿದ ಮಗುವಿನ ಹಸಿವನ್ನು ಒಂದು ಹಿಡಿಯೂ ಹೆಚ್ಚಿಸಿ ಬರೆಯಬಾರದು. ವರ್ಷದ ಸಂಬಳವನ್ನು ಒಂಬತ್ತು ವಾರದ್ದೆಂದು ಬರೆದ ಐವಿ ಲೀಯನ್ನು ಹಿಡಿದದ್ದು ಲೆಕ್ಕ. ನಾವು ತಪ್ಪು ಲೆಕ್ಕ ಬರೆದರೆ ನಮ್ಮನ್ನೂ ಅದೇ ಲೆಕ್ಕ ಹಿಡಿಯುತ್ತದೆ. ಬಡವನಿಗೆ ಇರುವ ದೊಡ್ಡ ಬಂಡವಾಳವೆಂದರೆ ಅವನ ಮಾತನ್ನು ನೆರೆಹೊರೆಯವರು ನಂಬುತ್ತಾರೆ ಎಂಬುದು. ಅದನ್ನು ಕಳೆದುಕೊಂಡರೆ ಮತ್ತೆ ಸಂಪಾದಿಸಲು ಯಾವ ಬ್ಯಾಂಕೂ ಸಾಲ ಕೊಡದು.

ಕೊನೆಗೆ ಒಂದು ಮಾತು. ಗಿರಣಿಯ ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ಕಾರ್ಮಿಕರ ಮನೆಗೆ ಉದ್ರಿ ಕೊಟ್ಟು ನಿಂತವರು ಪೇಟೆಯ ಸಣ್ಣ ಅಂಗಡಿಕಾರರು. ಕೈಗೆ ಸಂಬಳ ಬಂದ ದಿನ ದೊಡ್ಡ ಮಳಿಗೆಯ ದೀಪಗಳನ್ನು ದಾಟಿ ಬಂದು ಆ ಉದ್ರಿ ತೀರಿಸಿದವರು ಕಾರ್ಮಿಕರು. ಇದನ್ನು ಯಾರೂ ಚಿತ್ರ ಮಾಡಲಿಲ್ಲ, ಇದಕ್ಕೆ ಯಾವ ನಟನೂ ಬರಲಿಲ್ಲ. ಎಣ್ಣೆಯ ಕಲೆ ಬಿದ್ದ ಉದ್ರಿ ಪುಸ್ತಕದಲ್ಲಿ ಅದು ದಾಖಲಾಗಿದೆ. ಲಡ್ಲೋದ ಗಣಿಗಾರರು ತಮಗೆ ಬೇಕಾದ ಅಂಗಡಿಯಲ್ಲಿ ಕೊಳ್ಳುವ ಹಕ್ಕಿಗಾಗಿ ಬಯಲಿನಲ್ಲಿ ಚಳಿಗಾಲ ಕಳೆದರು. ನಮಗೆ ಆ ಹಕ್ಕು ಇದೆ. ಅಂಗಡಿಕಾರ ಮಿತ್ರರು ತಮಗೆ ಸಿಗುವ ಕಮಿಷನ್ ಎಷ್ಟು, ದೊಡ್ಡ ಮಳಿಗೆಗೆ ಸಿಗುವುದೆಷ್ಟು ಎಂದು ತಿಂಗಳು ತಿಂಗಳು ಬರೆದಿಡಲಿ. ಕಾರ್ಮಿಕ ಮಿತ್ರರು ತಮ್ಮ ಪಾಳಿ, ಕೂಲಿ, ಗಾಯಗಳನ್ನು ತಾರೀಕು ಹಾಕಿ ಬರೆದಿಡಲಿ. ಎರಡು ಪುಸ್ತಕಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದುವ ದಿನ, ನಮ್ಮ ಕಥೆ ಹೇಳಲು ನಾವು ಇನ್ನೊಬ್ಬರ ಬಾಯಿ ನೋಡಬೇಕಾಗುವುದಿಲ್ಲ.